ಗಾಲಿಯ ಮನೆ, ಜೋಡಿ ದೋಣಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದುಂಟು. ಎರಡನ್ನೂ ಮಾಡಿ ಮುಗಿಸಿದವರು ಆಮೇಲೆ ಏನು ಮಾಡಬೇಕೆಂಬುದನ್ನು ಮಾತ್ರ ಆ ಗಾದೆ ತಿಳಿಸುವುದಿಲ್ಲ. ಮಕ್ಕಳು ತಮ್ಮ ತಮ್ಮ ಸಂಸಾರ ಹೂಡಿದ್ದಾರೆ. ಕಚೇರಿಯವರು ಬೀಳ್ಕೊಡುಗೆ ನೀಡಿ ಕೈಮುಗಿದಿದ್ದಾರೆ. ಕಷ್ಟಪಟ್ಟು ಕಟ್ಟಿದ ಮನೆಯಲ್ಲಿ ಈಗ ಇಬ್ಬರೇ ಇಬ್ಬರು. ಈ ಸ್ಥಿತಿಗೆ ಬಂದ ಅಮೆರಿಕದ ದಂಪತಿಗಳಲ್ಲಿ ಕೆಲವರು ನಮ್ಮವರಿಗೆ ವಿಚಿತ್ರವೆನಿಸಬಹುದಾದ ಒಂದು ಸಾಹಸಕ್ಕೆ ಕೈಹಾಕುತ್ತಾರೆ. ಕಟ್ಟಿದ ಮನೆಯನ್ನು ಮಾರಿ, ಗಾಲಿಗಳಿರುವ ಮನೆಯೊಂದನ್ನು ಕೊಂಡು, ಅದರ ನೆತ್ತಿಯ ಮೇಲೊಂದು ದೋಣಿಯನ್ನು ಬಿಗಿದು, ದೇಶ ನೋಡಲು ಹೊರಟುಬಿಡುತ್ತಾರೆ.

ಗೃಹಸ್ಥಾಶ್ರಮ ಮುಗಿದ ಮೇಲೆ ವಾನಪ್ರಸ್ಥವೆಂಬುದು ನಮ್ಮ ಶಾಸ್ತ್ರದ ವಿಧಿ. ಇವರದೂ ಒಂದು ಬಗೆಯ ವಾನಪ್ರಸ್ಥವೇ ಸರಿ. ವ್ಯತ್ಯಾಸವಿಷ್ಟೆ: ಇವರು ಕಾಡಿಗೆ ಹೋಗುವಾಗ ಹಾಸಿಗೆ, ಒಲೆ, ರೆಫ್ರಿಜರೇಟರು, ಸ್ನಾನದ ಕೋಣೆ ಎಲ್ಲವನ್ನೂ ಜೊತೆಯಲ್ಲಿಯೇ ಕೊಂಡೊಯ್ಯುತ್ತಾರೆ. ಈ ವಾಹನಕ್ಕೆ ರಿಕ್ರಿಯೇಷನಲ್ ವೆಹಿಕಲ್, ಅಂದರೆ ವಿಹಾರದ ವಾಹನವೆಂದು ಹೆಸರು. ಆಡುಮಾತಿನಲ್ಲಿ ಬರಿಯ ‘ಆರ್.ವಿ.’ ಎಂಜಿನೂ ಮನೆಯೂ ಒಂದೇ ಒಡಲಲ್ಲಿದ್ದರೆ ಅದು ಮೋಟಾರ್ ಹೋಮ್. ಕಾರಿಗೋ ಪುಟ್ಟ ಲಾರಿಗೋ ಕೊಂಡಿ ಹಾಕಿ ಎಳೆಯುವಂಥದಾದರೆ ಟ್ರೇಲರ್. ದೊಡ್ಡ ಮೋಟಾರ್ ಹೋಮುಗಳ ಉದ್ದ ೪೦ ಅಡಿಯನ್ನು ಮುಟ್ಟುವುದುಂಟು. ಅಷ್ಟಿದ್ದರೂ ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿದು ದಾರಿ ಬಿಡಬೇಕು. ಮೂವತ್ತು ನಲವತ್ತು ವರ್ಷಗಳ ಕಾಲ ಹಗಲೆಲ್ಲ ಬೇರೆ ಬೇರೆ ಕೆಲಸಗಳಲ್ಲಿದ್ದು ಸಂಜೆ ಮಾತ್ರ ಮುಖ ನೋಡುತ್ತಿದ್ದ ಸತಿಪತಿಗಳು ಈಗ ಇಪ್ಪತ್ತನಾಲ್ಕು ಗಂಟೆಯೂ ಕೈಯಳತೆಯಲ್ಲಿಯೇ ಇರುತ್ತಾರೆ. ಕೋಪ ಬಂದರೆ ಬಾಗಿಲು ಹಾಕಿಕೊಂಡು ಕೂರಲು ಇನ್ನೊಂದು ಕೋಣೆಯಿಲ್ಲ.

ಈ ಹುಚ್ಚು ಇಂದು ನಿನ್ನೆಯದಲ್ಲ. ಏರ್‌ಸ್ಟ್ರೀಮ್ ಎಂಬ ಹೆಸರಿನ ಬೆಳ್ಳಿಯ ಬಣ್ಣದ ಟ್ರೇಲರುಗಳು ಲೋಕಪ್ರಸಿದ್ಧವಾಗಿವೆ. ಆ ಸಂಸ್ಥೆಯನ್ನು ವಾಲಿ ಬೈಯಮ್ ಎಂಬಾತ ೧೯೩೧ರಲ್ಲಿ ಸ್ಥಾಪಿಸಿದನು. ತಾನು ಮಾಡಿದ ಗಾಲಿಯ ಮನೆ ಎಲ್ಲಿಗೆ ಬೇಕಾದರೂ ಹೋಗಬಲ್ಲದೆಂದು ತೋರಿಸಲು ಆತ ೧೯೫೯ರಲ್ಲಿ ೪೧ ಟ್ರೇಲರುಗಳ ಸಾಲನ್ನು ಕಟ್ಟಿಕೊಂಡು ಆಫ್ರಿಕದ ದಕ್ಷಿಣ ತುದಿಯ ಕೇಪ್‌ಟೌನಿನಿಂದ ಹೊರಟು, ಮರುವರ್ಷ ಉತ್ತರದ ಕೈರೋ ನಗರವನ್ನು ಮುಟ್ಟಿದನು. ಆಮೇಲಿನ ಪೀಳಿಗೆಯಲ್ಲಿ, ಗಾಲಿಯ ಮನೆಯನ್ನೇ ಖಾಯಂ ನಿವಾಸ ಮಾಡಿಕೊಂಡಿದ್ದ ಜೋ ಮತ್ತು ಕೇ ಪೀಟರ್ಸನ್ ಎಂಬ ದಂಪತಿಗಳು ತಮ್ಮಂಥವರಿಗಾಗಿ ೧೯೭೮ರಲ್ಲಿ ‘ಎಸ್ಕೇಪೀಸ್’ ಎಂಬ ಸಂಘವನ್ನು ಕಟ್ಟಿದರು. ಊರು, ಬೀದಿ, ನೆರೆಹೊರೆ ಯಾವುದೂ ಇಲ್ಲದ ಜನರಿಗೆ ಅದೇ ನೆರೆಹೊರೆಯಾಯಿತು.

ಇನ್ನು ನೆತ್ತಿಯ ಮೇಲಿನ ದೋಣಿ. ಅದರ ವಂಶಾವಳಿ ಇದಕ್ಕಿಂತ ಬಹಳ ಹಳೆಯದು. ಕಯಾಕ್ ಎಂಬ ಹೆಸರೂ ವಸ್ತುವೂ ಉತ್ತರಧ್ರುವದ ಬಳಿಯ ಇನ್ಯುಯಿಟ್ ಮೊದಲಾದ ಬೇಟೆಗಾರ ಜನರ ಕೊಡುಗೆ. ತುಂಗಭದ್ರೆಯ ಹರಿಗೋಲನ್ನು ಕಂಡ ನಮ್ಮವರಿಗೆ ಚರ್ಮ ಹೊದಿಸಿದ ದೋಣಿ ಹೊಸದಲ್ಲ. ಹರಿಗೋಲು ದುಂಡಗಿದ್ದು ಮೇಲೆ ಬಯಲು; ಕಯಾಕ್ ಉದ್ದವಾಗಿ, ಕಿರಿದಾಗಿ, ಎರಡು ತುದಿಯೂ ಚೂಪಾಗಿ, ಮೇಲೂ ಮುಚ್ಚಿರುತ್ತದೆ. ಸವಾರ ನಡುವಿನ ಕಂಡಿಯಲ್ಲಿ ಸೊಂಟದವರೆಗೆ ಇಳಿದು ಕಾಲು ಚಾಚಿ ಕುಳಿತು, ಎರಡು ತುದಿಗೂ ಅಲಗಿರುವ ಹುಟ್ಟಿನಿಂದ ಎಡಬಲಕ್ಕೆ ನೀರನ್ನು ತಳ್ಳುತ್ತ ಸಾಗಬೇಕು. ಮರವಿಲ್ಲದ ಆ ನಾಡಿನಲ್ಲಿ ಕಡಲು ತಂದೆಸೆದ ಮರದ ತುಂಡುಗಳೂ ತಿಮಿಂಗಿಲದ ಎಲುಬೂ ಅದರ ಚೌಕಟ್ಟು. ಸೀಲ್ ಎಂಬ ಕಡಲಪ್ರಾಣಿಯ ತೊಗಲು ಅದರ ಹೊದಿಕೆ. ಬೇಟೆಗೆ ಹೋಗುವವನು ಗಂಡಸು. ಆದರೆ ಆ ತೊಗಲನ್ನು ಪ್ರಾಣಿಗಳ ನರದ ದಾರದಿಂದ ಹನಿ ನೀರೂ ಒಳಬಾರದಂತೆ ಹೊಲಿಯುತ್ತಿದ್ದವರು ಹೆಂಗಸರು. ಹಿಮಗಟ್ಟುವ ಆ ಕಡಲಿನಲ್ಲಿ ಒಂದು ಹೊಲಿಗೆ ಬಿಟ್ಟರೂ ಮನುಷ್ಯ ಮರಳಿ ಬರುವಂತಿರಲಿಲ್ಲ. ಗಂಡನ ಪ್ರಾಣ ಹೆಂಡತಿಯ ಸೂಜಿಯ ಮೊನೆಯಲ್ಲಿತ್ತೆಂದರೆ ಉತ್ಪ್ರೇಕ್ಷೆಯಲ್ಲ.

ಇಬ್ಬರು ಕೂರುವ ಕಯಾಕಿಗೂ ಹಳೆಯ ಪೂರ್ವಜರಿದ್ದಾರೆ. ಅಲಾಸ್ಕದ ಬಳಿಯ ಅಲ್ಯೂಷಿಯನ್ ದ್ವೀಪಗಳ ಜನ ಎರಡು ಕಂಡಿಗಳ ದೋಣಿಯಲ್ಲಿ ಕಡಲ ನೀರುನಾಯಿಯ ಬೇಟೆಗೆ ಹೋಗುತ್ತಿದ್ದರು. ಮುಂದೆ ಕುಳಿತವನು ಈಟಿ ಎಸೆಯುತ್ತಿದ್ದನು. ಹಿಂದೆ ಕುಳಿತವನು ದೋಣಿ ಮಗುಚದಂತೆ ಹಿಡಿದು ನಡೆಸುತ್ತಿದ್ದನು. ಇಂದಿನ ಪ್ಲಾಸ್ಟಿಕ್ಕಿನ ಜೋಡಿ ಕಯಾಕಿನಲ್ಲಿ ಈಟಿಯಿಲ್ಲ, ಬೇಟೆಯಿಲ್ಲ. ಕೆಲಸದ ಹಂಚಿಕೆ ಮಾತ್ರ ಹಾಗೆಯೇ ಉಳಿದಿದೆ.

ಈ ಎರಡು ವಾಹನಗಳನ್ನು ಒಟ್ಟಿಗೆ ಕಟ್ಟಿಕೊಂಡು ಹೊರಟ ಅರವತ್ತೈದು ವರ್ಷದ ದಂಪತಿಗಳಿಗೆ ಬರುವ ವಿಪತ್ತುಗಳಲ್ಲಿ ಮೊದಲಿನದು ಹೆದ್ದಾರಿಯಲ್ಲಿಯೇ ಕಾದಿರುತ್ತದೆ. ಮನೆಯ ಎತ್ತರ ಎಷ್ಟೆಂದು ಯಜಮಾನರಿಗೆ ಗೊತ್ತು. ಮೇಲಿನ ದೋಣಿಯ ಎತ್ತರವನ್ನು ಅದಕ್ಕೆ ಕೂಡಿಸುವುದು ಮರೆತುಹೋಗುತ್ತದೆ. ಉತ್ತರ ಕೆರೊಲಿನದ ಡರ್ಹಮ್ ನಗರದಲ್ಲಿ ರೈಲ್ವೆ ಸೇತುವೆಯೊಂದಿದೆ. ಅದರ ಕೆಳಗಿನ ತೆರಪು ಬಹುಕಾಲ ೧೧ ಅಡಿ ೮ ಅಂಗುಲ ಮಾತ್ರ ಇತ್ತು. ಎಚ್ಚರಿಕೆಯ ಫಲಕವಿದ್ದರೂ, ದೀಪ ಮಿನುಗುತ್ತಿದ್ದರೂ, ಲಾರಿಗಳೂ ಗಾಲಿಯ ಮನೆಗಳೂ ಒಂದರ ಹಿಂದೊಂದು ಬಂದು ಅಲ್ಲಿ ತಲೆ ಒಡೆದುಕೊಂಡವು. ೨೦೧೯ರಲ್ಲಿ ಸೇತುವೆಯನ್ನು ೮ ಅಂಗುಲ ಎತ್ತರಿಸಿದರು. ಆ ಮೇಲೆಯೂ ತಲೆ ಒಡೆದುಕೊಳ್ಳುವವರು ಇಲ್ಲದಾಗಲಿಲ್ಲ. ಇದಕ್ಕೆ ಅನುಭವಸ್ಥರು ಕಂಡುಕೊಂಡ ಉಪಾಯ ಬಹಳ ಸರಳ: ದೋಣಿ ಕಟ್ಟಿದ ಮೇಲೆ ಒಟ್ಟು ಎತ್ತರವನ್ನು ಅಳೆದು, ಚೀಟಿಯಲ್ಲಿ ಬರೆದು, ಚಾಲಕನ ಕಣ್ಣೆದುರಿಗೆ ಅಂಟಿಸುವುದು, ಪಕ್ಕದಲ್ಲಿ ಕುಳಿತವರು ಪ್ರತಿ ಸೇತುವೆ ಬಂದಾಗಲೂ ಆ ಅಂಕಿಯನ್ನು ಗಟ್ಟಿಯಾಗಿ ಓದುವುದು.

ಎರಡನೆಯ ಕಂಟಕ ಸಂಜೆ ಬೀಡುಬಿಡುವಾಗ. ಟ್ರೇಲರನ್ನು ಹಿಮ್ಮುಖವಾಗಿ ನಡೆಸಿ ಎರಡು ಮರಗಳ ನಡುವಿನ ಕಿರಿದಾದ ಜಾಗದಲ್ಲಿ ನಿಲ್ಲಿಸಬೇಕು. ಹಿಂದಕ್ಕೆ ಹೋಗುವಾಗ ಟ್ರೇಲರಿನ ಬಾಲ ಸ್ಟಿಯರಿಂಗ್ ಚಕ್ರ ತಿರುಗಿದ ದಿಕ್ಕಿಗೆ ವಿರುದ್ಧವಾಗಿ ತಿರುಗುತ್ತದೆ. ಚಕ್ರದ ಕೆಳಭಾಗವನ್ನು ಹಿಡಿದು, ಬಾಲ ಯಾವ ಕಡೆಗೆ ಹೋಗಬೇಕೋ ಆ ಕಡೆಗೇ ಕೈಯನ್ನು ಸರಿಸಿದರೆ ಕೆಲಸ ಸುಲಭವೆಂದು ಬಲ್ಲವರು ಹೇಳುತ್ತಾರೆ. ಹೊರಗೆ ನಿಂತ ಮನೆಯಾಕೆ “ಎಡಕ್ಕೆ, ಎಡಕ್ಕೆ” ಎನ್ನುತ್ತಾಳೆ. ಅದು ಆಕೆಯ ಎಡವೋ, ಆತನ ಎಡವೋ, ಟ್ರೇಲರಿನ ಎಡವೋ ಎಂಬುದು ಇತ್ಯರ್ಥವಾಗುವುದರೊಳಗೆ ಹಿಂದಿನ ದೀಪ ಮರಕ್ಕೆ ತಗಲಿರುತ್ತದೆ. ಮೊದಲೇ ಬಂದು ಬೀಡುಬಿಟ್ಟವರು ಕುರ್ಚಿ ಹಾಕಿಕೊಂಡು ಕುಳಿತು ಈ ನಾಟಕವನ್ನು ನೋಡುತ್ತಿರುವುದು ಗಾಯಕ್ಕೆ ಉಪ್ಪು ಸವರಿದಂತೆ.

ಮೂರನೆಯದನ್ನು ಸಭ್ಯರ ಮನೆಯಲ್ಲಿ ಓದುವ ಪತ್ರಿಕೆಯಲ್ಲಿ ಸಂಕ್ಷೇಪವಾಗಿ ಹೇಳುವುದೇ ಒಳಿತು. ಗಾಲಿಯ ಮನೆಗೆ ಸಾಮಾನ್ಯವಾಗಿ ಮೂರು ಬಗೆಯ ತೊಟ್ಟಿಗಳಿರುತ್ತವೆ: ಒಂದು ಶುದ್ಧಜಲಕ್ಕೆ, ಒಂದು ಪಾತ್ರೆ ತೊಳೆದ ಮತ್ತು ಮಿಂದ ನೀರಿಗೆ, ಮೂರನೆಯದು ಶೌಚಕ್ಕೆ. ಕೆಲವು ದಿನಗಳಿಗೊಮ್ಮೆ ದಪ್ಪ ಕೊಳವೆ ಜೋಡಿಸಿ ಕೊಳಕನ್ನು ನೆಲದ ಚರಂಡಿಗೆ ಹರಿಸಬೇಕು. ಮೊದಲು ಶೌಚದ್ದು, ಆಮೇಲೆ ಬಚ್ಚಲಿನದು. ಹಾಗಾದರೆ ಕೊಳವೆ ತಾನಾಗಿಯೇ ತೊಳೆದುಕೊಳ್ಳುತ್ತದೆ. ಕೊಳವೆ ಸರಿಯಾಗಿ ಕೂತಿದೆಯೆ, ಒಳಗಿನ ತಡೆ ಮುಚ್ಚಿದೆಯೆ ಎಂದು ನೋಡದೆ ಮುಚ್ಚಳ ತೆಗೆದವರ ಪಾಡನ್ನು ಇಲ್ಲಿ ವರ್ಣಿಸುವ ಅಗತ್ಯವಿಲ್ಲ. ಅಂಥವರು ಆ ದಿನವನ್ನು ಆಯುಷ್ಯವಿಡೀ ಮರೆಯುವುದಿಲ್ಲ. ಅವರ ಮನೆಯಾಕೆಯೂ ಮರೆಯಗೊಡುವುದಿಲ್ಲ.

ಚಳಿಗಾಲ ಬಂತೆಂದರೆ ಈ ಗಾಲಿಯ ಸಂಸಾರಗಳು ಉತ್ತರದ ಹಿಮವನ್ನು ಬಿಟ್ಟು ದಕ್ಷಿಣಕ್ಕೆ ಇಳಿಯುತ್ತವೆ. ಅದಕ್ಕಾಗಿಯೇ ಇವರಿಗೆ ‘ಹಿಮಪಕ್ಷಿಗಳು’ ಎಂಬ ಅಡ್ಡಹೆಸರು. ಹಲವರು ಇಳಿಯುವ ತಾಣ ಫ್ಲೋರಿಡದ ತುತ್ತತುದಿಯಲ್ಲಿರುವ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನ. ಹುಲ್ಲು, ನೀರು ಮತ್ತು ಕಾಂಡ್ಲಾ ಮರಗಳ ಆ ಸಾಮ್ರಾಜ್ಯದಲ್ಲಿ ಅಲಿಗೇಟರ್, ಮೊಸಳೆ ಎರಡೂ ಒಂದೇ ಕಡೆ ವಾಸಿಸುತ್ತವೆ. ಆದರೆ ಅಲ್ಲಿ ಪ್ರವಾಸಿಗರನ್ನು ಸುಲಿಯುವವರು ಬೇರೆಯೇ ಇದ್ದಾರೆ. ನಿಲ್ಲಿಸಿಹೋದ ಕಾರುಗಳ ಮೇಲೆ ರಣಹದ್ದುಗಳು ಇಳಿದು ಗಾಜೊರಸುವ ರಬ್ಬರನ್ನೂ ಕಿಟಕಿಯ ಅಂಚಿನ ರಬ್ಬರನ್ನೂ ಕಿತ್ತು ಹಾಕುತ್ತವೆ. ಅದಕ್ಕಾಗಿ ಉದ್ಯಾನದವರೇ ವಾಹನಗಳಿಗೆ ಹೊದಿಸಲು ಟಾರ್ಪಾಲು ಒದಗಿಸುವ ಏರ್ಪಾಡಿದೆ. ದೋಣಿಯಲ್ಲಿ ಹೋಗಿ ದ್ವೀಪದಲ್ಲಿ ರಾತ್ರಿ ಕಳೆಯುವವರ ಅನ್ನವನ್ನಷ್ಟೇ ಅಲ್ಲ, ಕುಡಿಯುವ ನೀರನ್ನೂ ರಕೂನ್ ಎಂಬ ಪ್ರಾಣಿ ಕದಿಯುತ್ತದೆ. ಸುತ್ತಲೂ ಉಪ್ಪುನೀರಿರುವಲ್ಲಿ ಸಿಹಿನೀರಿನ ಬೆಲೆ ಅದಕ್ಕೂ ಗೊತ್ತು! ತೆಳುವಾದ ಪ್ಲಾಸ್ಟಿಕ್ ಡಬ್ಬಿಯನ್ನು ಹಲ್ಲಿನಿಂದ ತೂತುಮಾಡಿ ಕುಡಿದು ಹೋಗಿಬಿಡುತ್ತದೆ.

ಎವರ್‌ಗ್ಲೇಡ್ಸ್ ಸಿಟಿಯಿಂದ ಫ್ಲೆಮಿಂಗೋವರೆಗೆ ೯೯ ಮೈಲಿಯ ಜಲಮಾರ್ಗವೊಂದು ಆ ಉದ್ಯಾನದಲ್ಲಿದೆ. ಎಲ್ಲರೂ ಅಷ್ಟು ದೂರ ಹೋಗುವುದಿಲ್ಲ. ವಯಸ್ಸಾದವರು ಒಂದು ಬೆಳಗಿನ ವಿಹಾರದಿಂದ ತೃಪ್ತರಾಗುತ್ತಾರೆ. ಅಲ್ಲಿನ ಕಡಲಂಚು ಬಹಳ ಆಳವಿಲ್ಲದ್ದು. ಭರತದಲ್ಲಿ ತೇಲಿಕೊಂಡು ಹೋದ ದೋಣಿ ಇಳಿತದಲ್ಲಿ ಕೆಸರಿನ ಮೇಲೆ ಕುಳಿತುಬಿಡುತ್ತದೆ. ಇಳಿದು ತಳ್ಳೋಣವೆಂದರೆ ಕಾಲು ಹೂತುಹೋಗುತ್ತದೆ. ನೀರು ಮರಳಿ ಬರುವವರೆಗೆ ಸೊಳ್ಳೆಗಳ ನಡುವೆ ಗಂಟೆಗಟ್ಟಲೆ ಕುಳಿತು, ಭರತ ಇಳಿತಗಳ ಪಟ್ಟಿಯನ್ನು ಯಾರು ನೋಡಬೇಕಾಗಿತ್ತೆಂಬ ವಿಷಯವನ್ನು ಚರ್ಚಿಸುವುದೊಂದೇ ಉಳಿದ ಕೆಲಸ.

ಜೋಡಿ ಕಯಾಕಿಗೆ ಅಮೆರಿಕದ ದೋಣಿಗಾರರು ‘ವಿಚ್ಛೇದನದ ದೋಣಿ’ ಎಂದು ವಿನೋದದ ಹೆಸರಿಟ್ಟಿರುವುದು ಸುಮ್ಮನೆ ಅಲ್ಲ. ಮುಂದೆ ಕುಳಿತವರು ಹುಟ್ಟು ಹಾಕುವ ಲಯವನ್ನು ನಿಶ್ಚಯಿಸಬೇಕು. ಹಿಂದೆ ಕುಳಿತವರು ಅದನ್ನು ಅನುಸರಿಸುತ್ತ ಪಾದದಿಂದ ಚುಕ್ಕಾಣಿಯನ್ನು ನಡೆಸಬೇಕು. ಲಯ ತಪ್ಪಿದರೆ ಹುಟ್ಟಿಗೆ ಹುಟ್ಟು ತಾಗುತ್ತದೆ. ಒಬ್ಬರು ಎರಚಿದ ನೀರು ಇನ್ನೊಬ್ಬರ ಮುಖಕ್ಕೆ. ಮುಂದಿನವರಿಗೆ ದಾರಿ ಕಾಣುತ್ತದೆ, ತಿರುಗಿಸಲು ಸಾಧನವಿಲ್ಲ. ಹಿಂದಿನವರ ಬಳಿ ಚುಕ್ಕಾಣಿಯಿದೆ, ಕಾಣುವುದು ಮುಂದಿನವರ ಬೆನ್ನು. ಹಿಂದಿನವರು ಹುಟ್ಟನ್ನು ತೊಡೆಯ ಮೇಲಿಟ್ಟು ಪ್ರಕೃತಿಸೌಂದರ್ಯವನ್ನು ಸವಿಯುತ್ತಿದ್ದರೂ ಮುಂದಿನವರಿಗೆ ತಿಳಿಯದು. ತೋಳು ಮಾತ್ರ ಏಕೋ ಬಹಳ ಸೋಲುತ್ತಿದೆ ಎನಿಸುತ್ತದೆ. ಬಹುಪಾಲು ಜೋಡಿಗಳಲ್ಲಿ ಹಿಂದಿನ ಆಸನ ಗಂಡನಿಗೆ ಮೀಸಲು. ಆದ್ದರಿಂದ, ಎದುರಿಗೆ ಬಂಡೆಯಿದೆಯೆಂದು ಹೆಂಡತಿ ಹೇಳಿದಾಗ ಅದನ್ನು ಕೇಳಿಸಿಕೊಳ್ಳುವ ಗುಣ ಆತನಿಗಿದೆಯೋ ಇಲ್ಲವೋ ಎಂಬುದು ಐದೇ ನಿಮಿಷದಲ್ಲಿ ಬಯಲಾಗುತ್ತದೆ.

ಇಲ್ಲಿಯವರೆಗಿನದು ನಗೆಯ ಮಾತು. ನಗೆ ನಿಲ್ಲುವ ಸ್ಥಳವೂ ಒಂದಿದೆ. ಅಮೆರಿಕದ ಉತ್ತರ ಗಡಿಯ ಸುಪೀರಿಯರ್ ಸರೋವರದ ವಿಸ್ತೀರ್ಣ ಸುಮಾರು ೮೨,೦೦೦ ಚದರ ಕಿಲೋಮೀಟರು. ಕರ್ನಾಟಕದ ಐದರಲ್ಲಿ ಎರಡು ಪಾಲಿಗಿಂತಲೂ ಹೆಚ್ಚು. ವಿಸ್ಕಾನ್ಸಿನ್ ಸಂಸ್ಥಾನದ ಅಪಾಸಲ್ ದ್ವೀಪಗಳ ಬಳಿ ಅದರ ಅಲೆಗಳು ಕೆಂಪು ಮರಳುಗಲ್ಲನ್ನು ಕೊರೆದು ಗುಹೆಗಳ ಸಾಲನ್ನೇ ನಿರ್ಮಿಸಿವೆ. ಕಯಾಕಿನಲ್ಲಿ ಕುಳಿತು ಆ ಗುಹೆಗಳೊಳಗೆ ನುಗ್ಗಿ ಬರುವುದು ಬೇಸಿಗೆಯ ದೊಡ್ಡ ಆಕರ್ಷಣೆ. ಬೆಳಗ್ಗೆ ನೀರು ಕನ್ನಡಿಯಂತಿರುತ್ತದೆ. ಗಾಳಿ ಎದ್ದರೆ, ಬಂದ ಅಲೆ ಬಂಡೆಗೆ ಬಡಿದು ಹಿಂದಿರುಗಿ, ಎದುರು ಬರುವ ಅಲೆಯೊಡನೆ ಸೇರಿ ನೀರೆಲ್ಲ ಕುದಿಯುವಂತಾಗುತ್ತದೆ. ದಡವೆಂದರೆ ನೆಟ್ಟಗೆ ನಿಂತ ಬಂಡೆ, ಇಳಿಯಲು ತಾವಿಲ್ಲ. ಮಗುಚಿದರೆ ಬೀಳುವುದು ಮೈಕೊರೆಯುವ ನೀರಿಗೆ.

ತಣ್ಣೀರಿನಲ್ಲಿ ಮನುಷ್ಯ ಸಾಯುವುದು ಚಳಿಗೆ ಹೆಪ್ಪುಗಟ್ಟಿ ಎಂದು ಹಲವರು ತಿಳಿದಿದ್ದಾರೆ. ಕೆನಡದ ಮ್ಯಾನಿಟೋಬ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಗೋರ್ಡನ್ ಗೀಸ್‌ಬ್ರೆಕ್ಟ್ ಈ ತಿಳಿವಳಿಕೆಯನ್ನು ತಿದ್ದಿ, ನೆನಪಿಡಲು ಸುಲಭವಾದ ಸೂತ್ರವೊಂದನ್ನು ಪ್ರಚಾರಕ್ಕೆ ತಂದರು: ಒಂದು, ಹತ್ತು, ಒಂದು. ಕೊರೆಯುವ ನೀರಿಗೆ ಬಿದ್ದವನಿಗೆ ಮೊದಲ ೧ ನಿಮಿಷ ಉಸಿರು ತನ್ನ ಹತೋಟಿಯಲ್ಲಿರುವುದಿಲ್ಲ. ಏದುಸಿರಿನ ನಡುವೆ ನೀರು ಒಳಗೆ ಹೋದರೆ ಅಲ್ಲಿಗೇ ಮುಗಿಯಿತು. ಅದನ್ನು ದಾಟಿದರೆ ಸುಮಾರು ೧೦ ನಿಮಿಷ ಕೈಕಾಲು ಹೇಳಿದ ಮಾತು ಕೇಳುತ್ತವೆ. ಪ್ರಜ್ಞೆ ತಪ್ಪುವುದಕ್ಕೆ ಸುಮಾರು ೧ ಗಂಟೆ ಬೇಕು. ಆದರೆ ಕೈಕಾಲು ಸೋತ ಮೇಲೆ ಆ ಗಂಟೆಯನ್ನು ಕಳೆಯಲು ಮೈಮೇಲೆ ತೇಲುಕವಚವಿರಬೇಕು. ದೋಣಿಯೊಳಗೆ ಮಡಿಸಿಟ್ಟ ಕವಚ ಆಗ ಉಪಯೋಗಕ್ಕೆ ಬಾರದು. ಅಮೆರಿಕದ ಕರಾವಳಿ ರಕ್ಷಣಾ ದಳದ ಲೆಕ್ಕದಂತೆ, ೨೦೨೩ರಲ್ಲಿ ಅಲ್ಲಿನ ವಿಹಾರದೋಣಿಗಳ ಅಪಘಾತಗಳಲ್ಲಿ ಮುಳುಗಿ ಸತ್ತವರ ಪೈಕಿ ಶೇಕಡಾ ೮೭ ಮಂದಿ ಕವಚ ತೊಟ್ಟಿರಲಿಲ್ಲ.

ಆ ಹತ್ತು ನಿಮಿಷಗಳಲ್ಲಿ ಮಾಡಬೇಕಾದ ಕೆಲಸ ಇಷ್ಟು: ದೋಣಿಯನ್ನು ಕೈಬಿಡದೆ ಹಿಡಿದು, ಇಬ್ಬರೂ ಸೇರಿ ಅದನ್ನು ನೆಟ್ಟಗೆ ಮಾಡಬೇಕು. ಅನಂತರ ಒಬ್ಬರು ಒಂದು ಬದಿಯಿಂದ ಹತ್ತುವಾಗ ಇನ್ನೊಬ್ಬರು ಎದುರು ಬದಿಯಲ್ಲಿ ನೀರಿನಲ್ಲಿಯೇ ಇದ್ದು ದೋಣಿ ವಾಲದಂತೆ ಜಗ್ಗಿ ಹಿಡಿಯಬೇಕು. ಹತ್ತಿದವರು ಕೂಡಲೇ ಹುಟ್ಟನ್ನು ನೀರಿನ ಮೇಲೆ ಚಾಚಿ ದೋಣಿಯನ್ನು ಸ್ಥಿರಗೊಳಿಸಿ, ಕೆಳಗಿರುವವರನ್ನು ಹತ್ತಿಸಿಕೊಳ್ಳಬೇಕು. ಯಾರು ಮೊದಲು, ಯಾರು ಆಮೇಲೆ, ಯಾರು ಎಲ್ಲಿ ಹಿಡಿಯಬೇಕು ಎಂಬ ವಿಚಾರವಿನಿಮಯಕ್ಕೆ ಆಗ ಕಾಲವಿರುವುದಿಲ್ಲ. ಬೆಚ್ಚಗಿನ, ಎದೆಮಟ್ಟದ ನೀರಿನಲ್ಲಿ ಇದನ್ನು ಹತ್ತು ಸಲ ಬಿದ್ದು ಹತ್ತು ಸಲ ಎದ್ದು ಕಲಿತವರಿಗೆ ಮಾತ್ರ ಅದು ಸಾಧ್ಯ. ಒಬ್ಬರೇ ಕಲಿತು ಪ್ರಯೋಜನವಿಲ್ಲ. ಈಜಿನಲ್ಲಿ ನಿಪುಣನಾದ ಗಂಡನೇ ತಲೆಗೆ ಪೆಟ್ಟು ಬಿದ್ದು ಮೈಮರೆತರೆ ಗತಿಯೇನು?

ಈ ಪ್ರಶ್ನೆ ನೀರಿನಲ್ಲಿ ಹುಟ್ಟಿದರೂ ಅಲ್ಲಿಯೇ ನಿಲ್ಲುವುದಿಲ್ಲ. ಊರಿನಿಂದ ನೂರಾರು ಮೈಲಿ ದೂರದ ಅರಿಜೋನದ ಮರುಭೂಮಿಯಲ್ಲಿ, ಮೊದಲಿನಿಂದಲೂ ತಾನೊಬ್ಬನೇ ಓಡಿಸುತ್ತ ಬಂದ ಯಜಮಾನರಿಗೆ ಎದೆನೋವು ಕಾಣಿಸಿಕೊಂಡರೆ? ಮನೆಯಾಕೆಗೆ ಕಾರು ಓಡಿಸಲು ಬರುತ್ತದೆ. ಈ ಮೂವತ್ತು ಅಡಿಯ ಮನೆಯನ್ನು ಓಡಿಸಲು ಧೈರ್ಯವಿಲ್ಲ. ಕೊಂಡಿ ಬಿಡಿಸುವುದು ಗೊತ್ತಿಲ್ಲ. ಅಥವಾ ಮನೆಯಾಕೆಯೇ ಮಲಗಿದರೆ, ಆಕೆಯ ಔಷಧಗಳ ಹೆಸರು, ಹೊತ್ತು, ಯಾವ ಡಬ್ಬಿಯಲ್ಲಿವೆ ಎಂಬುದು ಯಜಮಾನರಿಗೆ ಗೊತ್ತಿಲ್ಲ. ದಾರಿಯ ನಕ್ಷೆಯನ್ನು ಎಂದೂ ಓದಿದವರಲ್ಲ. ಮೊಬೈಲ್ ಫೋನು ಕೈಯಲ್ಲಿದ್ದರೂ ಸಂಕೇತ ಸಿಗದ ತಾವುಗಳು ಆ ಭಾಗದಲ್ಲಿ ಬೇಕಾದಷ್ಟಿವೆ. ಸಂಸಾರದಲ್ಲಿ ಕೆಲಸವನ್ನು ಹಂಚಿಕೊಳ್ಳುವುದು ಜಾಣತನವೆಂದು ಎಲ್ಲರೂ ಒಪ್ಪುತ್ತಾರೆ. ಮೂವತ್ತು ವರ್ಷ ಅದೇ ಹಂಚಿಕೆ ನಡೆದುಬಂದಾಗ ಅರ್ಧ ಸಂಸಾರ ಒಬ್ಬರಿಗೆ, ಇನ್ನರ್ಧ ಇನ್ನೊಬ್ಬರಿಗೆ ಪರದೇಶದಂತಾಗುವುದನ್ನು ಯಾರೂ ಗಮನಿಸುವುದಿಲ್ಲ.

ಬಹುಕಾಲ ರಸ್ತೆಯಲ್ಲಿ ಬಾಳಿದವರು ಇದನ್ನು ಬಲ್ಲರು. ಆದ್ದರಿಂದಲೇ ಅವರಲ್ಲಿ ಅನೇಕರು ವಾಹನ ಓಡಿಸುವ ಸರದಿಯನ್ನು ಬದಲಾಯಿಸುತ್ತಿರುತ್ತಾರೆ. ಹೊರಡುವ ಮುನ್ನ ಮಾಡಬೇಕಾದ ಕೆಲಸಗಳ ಪಟ್ಟಿಯನ್ನು ಬಾಗಿಲಿಗೆ ತಗುಲಿಸಿ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ. ಹಿಂದೆ ಹೇಳಿದ ಎಸ್ಕೇಪೀಸ್ ಸಂಘದವರಂತೂ ಇನ್ನೂ ಮುಂದಕ್ಕೆ ಯೋಚಿಸಿದರು. ವಯಸ್ಸೋ ರೋಗವೋ ಅಡ್ಡಬಂದು ಇನ್ನು ಓಡಿಸಲಾಗದೆಂಬ ದಿನ ಬಂದವರಿಗಾಗಿ ಟೆಕ್ಸಸ್ಸಿನ ಲಿವಿಂಗ್‌ಸ್ಟನ್ ಎಂಬಲ್ಲಿ ಆರೈಕೆಯ ಕೇಂದ್ರವೊಂದನ್ನು ಏರ್ಪಡಿಸಿದರು. ತಮ್ಮ ತಮ್ಮ ಗಾಲಿಯ ಮನೆಯಲ್ಲಿಯೇ ಇದ್ದುಕೊಂಡು ಊಟವನ್ನೂ ಶುಶ್ರೂಷೆಯನ್ನೂ ಪಡೆಯಬಹುದಾದ ವ್ಯವಸ್ಥೆ ಅದು.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ಕನ್ನಡದ ತಾಯ್ತಂದೆಯರು ಈಗ ಬಾಡಿಗೆಯ ಆರ್.ವಿ.ಯಲ್ಲಿ ಯೆಲ್ಲೋಸ್ಟೋನ್ ನೋಡಿ ಬರುವುದುಂಟು. ಇಲ್ಲಿಯೂ ಶರಾವತಿಯ ಹಿನ್ನೀರಿನ ಹೊನ್ನೆಮರಡು ಮೊದಲಾದ ಕಡೆ ನಮ್ಮವರು ಕಯಾಕ್ ನಡೆಸಲು ಕಲಿತಿದ್ದಾರೆ. ಅಂಥ ಯೋಗ ಬಂದವರು ಕವಚವನ್ನು ತೊಟ್ಟು, ಗಾಳಿಯನ್ನು ವಿಚಾರಿಸಿ, ಹೋಗುವಾಗ ಗಾಳಿಗೆ ಎದುರಾಗಿ, ಬರುವಾಗ ಅದರ ಜೊತೆಯಲ್ಲಿ ಬರುವಂತೆ ದಾರಿ ಹಿಡಿಯಲಿ. ದೋಣಿಯ ಯೋಗ ಬಾರದವರೂ ಒಂದು ದಿನದ ಮಟ್ಟಿಗೆ ಆಸನಗಳನ್ನು ಅದಲುಬದಲು ಮಾಡಿಕೊಂಡು ನೋಡಬಹುದು. ಬ್ಯಾಂಕಿನ ಪುಸ್ತಕ, ವಿಮೆಯ ಕಾಗದಗಳು ಎಲ್ಲಿವೆಯೆಂಬುದನ್ನು ಮನೆಯಾಕೆ ತಿಳಿದುಕೊಳ್ಳಲಿ. ಅಕ್ಕಿ, ಬೇಳೆ, ಮಾತ್ರೆಗಳು ಎಲ್ಲಿವೆಯೆಂಬುದನ್ನು ಯಜಮಾನರು ತಿಳಿದುಕೊಳ್ಳಲಿ. ನೀರು ಶಾಂತವಾಗಿರುವಾಗ ಇದನ್ನು ಕಲಿಯಲು ಅರ್ಧ ದಿನ ಸಾಕು.